ಬೋಣಿ ಸೀಸೆಯ ಫ್ಯಾಟು

2003ನೇ ಇಸವಿ. ನಂಜನಗೂಡಿನ ಒಂದು ಸಣ್ಣ ಕಂಪ್ಯೂಟರ್ ಸಂಸ್ಥೆಯಲ್ಲಿ ನಾನು ಸರ್ವೀಸ್ ಇಂಜಿನಿಯರ್ ಆಗಿದ್ದೆ. ಹೆಸರಿಗೆ ಇಂಜಿನಿಯರ್. ಮೌಸಿನ ಹೊಟ್ಟೆಯೊಳಗಿನ ಗುಂಡು ಒರೆಸುವುದರಿಂದ ಹಿಡಿದು ಪ್ರಿಂಟರಿನ ರಿಬ್ಬನ್ ಬದಲಿಸುವವರೆಗೆ ಎಲ್ಲವೂ ನನ್ನ ತಲೆಗೇ. ಹಳ್ಳಿಯ ಹಾಲಿನ ಡೈರಿಗಳಿಗೆ ಕಂಪ್ಯೂಟರ್ ಕಾಲಿಡುತ್ತಿದ್ದ ಕಾಲ ಅದು. ನಮ್ಮ ಸಂಸ್ಥೆಯೂ ಅಂಥದೊಂದು ಪ್ರೋಗ್ರಾಂ ಮಾಡಿ, ಸುತ್ತಲಿನ ಕೆಲವು ಡೈರಿಗಳಿಗೆ ಕೊಟ್ಟಿತ್ತು. ಬರೆದಾತ ಮಾಲೀಕರ ಜೊತೆ ಜಗಳವಾಡಿಕೊಂಡು ಕೆಲಸ ಬಿಟ್ಟಿದ್ದ. ಅವನು ಬರೆದದ್ದನ್ನು ಕಾಯುವ ಕೆಲಸ ನನ್ನ ಪಾಲಿಗೆ ಬಂದಿತ್ತು.

ಪ್ರೋಗ್ರಾಂ ಮಾಡುತ್ತಿದ್ದದ್ದು ಇಷ್ಟೇ. ಹಾಲು ತಂದವರ ಸದಸ್ಯ ಸಂಖ್ಯೆ ಒತ್ತಿದರೆ ಪರದೆಯ ಮೇಲೆ ಒಂದು ವಿಂಡೋ ತೆರೆಯುತ್ತಿತ್ತು. ತಕ್ಕಡಿಯಿಂದ ಹಾಲಿನ ತೂಕ ಅದರೊಳಕ್ಕೆ ತಾನಾಗಿ ಬಂದು ಕೂರುತ್ತಿತ್ತು. ಆಮೇಲೆ ಹಾಲಿನ ಸ್ಯಾಂಪಲ್ ಇರುವ ಸೀಸೆಯನ್ನು ಪರೀಕ್ಷೆಯ ಯಂತ್ರಕ್ಕೆ ಒಡ್ಡಿದರೆ, ಅದು ಕೊಂಚ ಹೊತ್ತು ಗುಂಯ್‌ಗುಟ್ಟಿ, ಹಾಲಿನಲ್ಲಿರುವ ಕೊಬ್ಬಿನ ಅಂಶವನ್ನು ಕಂಪ್ಯೂಟರಿಗೆ ಕಳಿಸುತ್ತಿತ್ತು. ಊರಿನವರು ಅದನ್ನು ಫ್ಯಾಟು ಎನ್ನುತ್ತಾರೆ. ಹಸುವಿನ ಹಾಲಾದರೆ ಮೂರೂವರೆ, ನಾಲ್ಕು; ಎಮ್ಮೆಯದಾದರೆ ಆರು, ಏಳು. ಸೆಕ್ರೆಟರಿ ‘ಉಳಿಸು’ ಒತ್ತಿದರೆ ಚೀಟಿ ಹೊರಗೆ. ಯಂತ್ರ ಬಂದ ಮೇಲೆ, ಹಾಲಿಗೆ ನೀರು ಬೆರೆತಿದೆಯೇ ಎಂದು ನೋಡುವ ಹಳೆಯ ಲ್ಯಾಕ್ಟೋಮೀಟರ್ ಕಪಾಟು ಸೇರಿತ್ತು.

ಒಂದು ಬೆಳಿಗ್ಗೆ ಮಾಲೀಕರು ನನ್ನನ್ನು ಕರೆದು, ಟಿ. ನರಸೀಪುರ ತಾಲ್ಲೂಕಿನ ಒಂದು ಹಳ್ಳಿಗೆ ಹೋಗಿಬರಲು ಹೇಳಿದರು. ಆ ಊರಿನ ಹೆಸರು ಇಲ್ಲಿ ಬೇಡ. “ಯಾರೋ ಹೆಂಗಸು ಹಾಲಿಗೆ ನೀರು ಹಾಕಿ ಸಿಕ್ಕಿಬಿದ್ದಿದ್ದಾರಂತೆ. ಮಿಷನ್ನೇ ತಪ್ಪು ಅಂತ ಗಲಾಟೆ ಮಾಡ್ತಿದಾರಂತೆ. ಎಲ್ಲಾ ಸರಿ ಇದೆ ಅಂತ ಒಂದು ಸಹಿ ಹಾಕಿ ಬಂದುಬಿಡಪ್ಪ, ಮಧ್ಯಾಹ್ನಕ್ಕೆಲ್ಲಾ ವಾಪಸ್ ಬರಬಹುದು” ಎಂದರು. ಪರೀಕ್ಷೆ ಮಾಡಿ ಬಾ ಎನ್ನಲಿಲ್ಲ. ನನಗೆ ಆಗಲೇ ಸ್ವಲ್ಪ ಉರಿಯಿತು, ಆದರೆ ಬ್ಯಾಗು ಹೆಗಲಿಗೇರಿಸಿ ಬಸ್ ಹತ್ತಿದೆ.

ಡೈರಿ ಎಂದರೆ ಒಂದೇ ಕೋಣೆ. ಒಂದೇ ಬಾಗಿಲು. ಒಳಗೆ ಮೇಜು, ಕಂಪ್ಯೂಟರ್, ಯಂತ್ರ, ಗೋಡೆಯಲ್ಲಿ ದೇವರ ಪಟ, ಮೂಲೆಯಲ್ಲಿ ಕ್ಯಾನುಗಳು, ಒಂದು ನೀರಿನ ಕೊಡ. ಸೆಕ್ರೆಟರಿ ಸಿದ್ದರಾಜು ನಲವತ್ತರ ಆಸುಪಾಸಿನ ಸಾಧು ಮನುಷ್ಯ. ಕೀಬೋರ್ಡಿಗೆ ದಿನಾ ಅರಿಶಿನ ಕುಂಕುಮ ಹಚ್ಚುತ್ತಾನೆಂದು ಹಿಂದೊಮ್ಮೆ ನಾನೇ ಬೈದಿದ್ದೆ. ಅಧ್ಯಕ್ಷ ಬಸವಣ್ಣನವರು ಕುರ್ಚಿಯಲ್ಲಿ ಕುಳಿತಿದ್ದರು. ಅವರ ಮುಂದೆ ನಾನು ಸಹಿ ಹಾಕಬೇಕಾದ ಕಾಗದ ಟೈಪಾಗಿ ಸಿದ್ಧವಾಗಿತ್ತು.

ವಿಷಯ ಹೇಳಿದವರು ಅವರೇ. ಕೆಳಗಿನ ಬೀದಿಯ ಮಾದೇವಮ್ಮ ಎಂಬ ವಿಧವೆಗೆ ಎರಡು ಎಮ್ಮೆಗಳಿವೆ. ಅವರ ಹಾಲಿನ ಫ್ಯಾಟು ಕೆಲವು ವಾರಗಳಿಂದ ಏಳರ ಬದಲು ಮೂರೂವರೆ ಬರುತ್ತಿತ್ತು. ಅರ್ಧಕ್ಕರ್ಧ ನೀರು ಬೆರೆಸದೆ ಹಾಗೆ ಬರಲು ಸಾಧ್ಯವಿಲ್ಲ. ಮೇಲಿನಿಂದ ಬಂದ ಅಧಿಕಾರಿಯೊಬ್ಬರು ಹಠಾತ್ತನೆ ಸ್ಯಾಂಪಲ್ ತೆಗೆದಾಗ ಮಾತ್ರ ಏಳು ಬಂತು. ಅಧಿಕಾರಿ ಬರುವ ಸುದ್ದಿ ಹೇಗೋ ಗೊತ್ತಾಗಿರಬೇಕೆಂದು ಎಲ್ಲರೂ ಅಂದುಕೊಂಡರು. ಅಂದಿನಿಂದ ಆಕೆಯ ಹಾಲನ್ನು ಎಲ್ಲರದೂ ಮುಗಿದ ಮೇಲೆ, ಎಲ್ಲರ ಕಣ್ಣೆದುರಿಗೇ ತೆಗೆದುಕೊಳ್ಳುತ್ತಿದ್ದಾರೆ. ಈಗ ಸರಿಯಾಗಿ ಏಳೇ ಬರುತ್ತಿದೆ.

“ಕಾವಲಿಟ್ಟ ಮ್ಯಾಲೆ ಸರಿಯಾಯ್ತು ಅಂದ್ರೆ ಏನರ್ಥ ನೀವೇ ಯೋಳಿ” ಎಂದರು ಬಸವಣ್ಣ. “ಸಂಜೆ ಹಾಲಾದ ಮ್ಯಾಲೆ ಕಮಿಟಿ ಕೂರ್ತದೆ. ಹೆಸರು ತೆಗ್ದಾಕ್ತೀವಿ. ನಿಮ್ದೊಂದು ಸಹಿ ಇದ್ರೆ ನಾಳೆ ಯಾರೂ ಮಾತಾಡಂಗಿಲ್ಲ.”

ಹೆಸರು ತೆಗೆದರೆ ಆ ಎಮ್ಮೆಗಳ ಹಾಲನ್ನು ಆಕೆ ಎಲ್ಲಿಗೂ ಹಾಕುವಂತಿರಲಿಲ್ಲ. ಆ ಊರಿಗೆ ಇದ್ದದ್ದು ಅದೊಂದೇ ಡೈರಿ. ಅದಕ್ಕಿಂತ ಹೆಚ್ಚಾಗಿ, ನೀರು ಹುಯ್ದವಳೆಂಬ ಹೆಸರು ಹೊತ್ತುಕೊಂಡು ಅದೇ ಬೀದಿಯಲ್ಲಿ ಓಡಾಡಬೇಕು. ಯೋಚಿಸಿದರೆ ಆಕೆಗೆ ಯಾವ ಕಡೆಯಿಂದಲೂ ದಾರಿಯಿರಲಿಲ್ಲ. ಫ್ಯಾಟು ಕಡಿಮೆ ಬಂದರೆ ಕಳ್ಳತನ, ಸರಿಯಾಗಿ ಬಂದರೆ ಜಾಣತನ.

ನಾನು ಪರೀಕ್ಷೆಗೆ ಕುಳಿತೆ. ಬೆಳಗಿನ ಹಾಲನ್ನು ಬೇರೆ ಬೇರೆ ಸೀಸೆಗಳಲ್ಲಿ ತುಂಬಿ, ಒಂದೊಂದೇ ಸದಸ್ಯ ಸಂಖ್ಯೆ ಒತ್ತಿ, ಒಂದೊಂದೇ ವಿಂಡೋ ತೆರೆದು ಮುಚ್ಚಿದೆ. ಮಾದೇವಮ್ಮನ ಸಂಖ್ಯೆಯಲ್ಲೂ ಮಾಡಿದೆ. ಯಂತ್ರಕ್ಕೂ ಕಂಪ್ಯೂಟರಿಗೂ ನಡುವಿನ ಕೇಬಲ್ ಬಿಚ್ಚಿ ಮತ್ತೆ ಹಾಕಿದೆ. ಎಲ್ಲಿಯೂ ಒಂದು ಕೂದಲೆಳೆಯಷ್ಟು ವ್ಯತ್ಯಾಸವಿಲ್ಲ. ಹಾಳಾದದ್ದು, ಎಲ್ಲಾದರೂ ಒಮ್ಮೆ ತಪ್ಪು ಮಾಡಬಾರದೇ ಎಂದು ನಾನೇ ಬೇಡಿಕೊಳ್ಳುವ ಹಾಗಾಯಿತು.

ಊಟದ ಹೊತ್ತಿಗೆ ಬಸವಣ್ಣನವರು ತಮ್ಮ ಮನೆಗೆ ಕರೆದುಕೊಂಡು ಹೋದರು. ಮುದ್ದೆ, ಅವರೆಕಾಳಿನ ಸಾರು, ಗಟ್ಟಿ ಮೊಸರು. ಬಡಿಸುತ್ತಿದ್ದ ಅವರ ಹೆಂಡತಿ, “ಹೊಸಾ ಹಿಂಡಿ ತಿಂದ ಮ್ಯಾಲೆ ನಮ್ಮಸ ಹಾಲು ಭಾಳ ಚೆಂದಾಗಿ ಕೊಡ್ತಾ ಅದೆ, ಫ್ಯಾಟು ಏರ್ಬುಟ್ಟದೆ” ಎಂದರು. ನಾನು ತಲೆಯಾಡಿಸಿ ಮೊಸರು ಕಲಸಿಕೊಂಡೆ. ನನ್ನ ತಲೆಯ ತುಂಬ ಎಮ್ಮೆಗಳಿದ್ದವು; ಹಸುವಿನ ಮಾತು ಕಿವಿಗೆ ಬಿದ್ದರೂ ಒಳಗಿಳಿಯಲಿಲ್ಲ.

ವಾಪಸ್ ಬಂದಾಗ ಡೈರಿಯ ಹೊಸ್ತಿಲ ಮೇಲೆ ಒಬ್ಬ ಹೆಂಗಸು ಕುಳಿತಿದ್ದರು. ಐವತ್ತು ದಾಟಿದ, ಗಿಡ್ಡನೆಯ ಜೀವ. ನಾವು ಒಳಹೋಗಲು ಪಕ್ಕಕ್ಕೆ ಸರಿದರು, ಆಮೇಲೆ ಬಾಗಿಲಿಗೆ ಅಡ್ಡಲಾಗಿ ಕಾಲು ನೀಡಿಕೊಂಡು ಮತ್ತೆ ಕುಳಿತರು. ಯಾರೆಂದು ಕೇಳಬೇಕಾಗಿರಲಿಲ್ಲ.

“ಪರೀಕ್ಸೆ ಆಯ್ತಾ ಸಾ?” ಎಂದರು.

“ಆಯ್ತಮ್ಮ. ಯಂತ್ರ ಸರಿಯಾಗೇ ಇದೆ.”

“ಸರ್ಯಾಗಿದ್ರೆ ನಮ್ಮ ಎಮ್ಮೆಗೆ ಮೂರೂವರೆ ಯಾಕೆ ಬಂತು ಅಂತ ಯೋಳ್ಬುಟ್ಟು ಓಗಿ. ನಾನು ಇಲ್ಲಿಂದ ಏಳಾಕಿಲ್ಲ.”

ಅವರ ದನಿ ಏರಿರಲಿಲ್ಲ. ಬಸವಣ್ಣ ಗದರಿಸಿದರು, ಸಿದ್ದರಾಜು ಕೈಮುಗಿದ, ಆಕೆ ಕದಲಲಿಲ್ಲ. ಕುಳಿತವರನ್ನು ದಾಟಿಕೊಂಡು ಹೋಗುವುದು ನಮ್ಮ ಕಡೆ ಮಾಡಬಾರದ ಕೆಲಸ. ಅದರಲ್ಲೂ ವಯಸ್ಸಾದ ಹೆಂಗಸಿನ ಕಾಲು ದಾಟುವುದು ಹೇಗೆ? ಬಸ್ಸಿನ ಹಾರನ್ ಕೇಳಿಸಿತು. ಅದು ಊರ ಮುಂದೆ ನಿಂತು, ಹೊರಟು, ಸದ್ದು ಸಣ್ಣಗಾಗುವವರೆಗೂ ನಾನು ಬ್ಯಾಗು ಹಿಡಿದು ಒಳಗೇ ನಿಂತಿದ್ದೆ. ಆ ಒಂದು ಹೊಸ್ತಿಲು ನನ್ನನ್ನು ಅಷ್ಟು ಚೆನ್ನಾಗಿ ಕೂಡಿಹಾಕುತ್ತದೆಂದು ಯಾರಾದರೂ ಹೇಳಿದ್ದರೆ ನಗುತ್ತಿದ್ದೆ.

ಡೈರಿಯ ಫೋನಿನಿಂದ ಮಾಲೀಕರಿಗೆ ಕರೆ ಮಾಡಿದೆ. ಅವರ ಮಾತು ಚಿಕ್ಕದಾಗಿತ್ತು. “ಪ್ರೋಗ್ರಾಂ ತಪ್ಪು ಅನ್ನೋ ಮಾತು ನಿನ್ನ ಬಾಯಿಂದ ಬರಕೂಡದು. ಒಂದು ಡೈರಿ ವಾಪಸ್ ಕೊಟ್ಟರೆ ಎಲ್ಲವೂ ಕೊಡ್ತವೆ. ನಿನ್ನ ಕೆಲಸವೂ ಹೋಗುತ್ತೆ, ನೋಡ್ಕೋ.” ಫೋನಿಟ್ಟು ಕುರ್ಚಿಗೆ ಬಂದು ಕುಳಿತೆ. ಮುಂದೆ ಸಹಿಗೆ ಕಾಯುತ್ತಿದ್ದ ಕಾಗದ, ಬಾಗಿಲಲ್ಲಿ ಮಾದೇವಮ್ಮ. ಯಂತ್ರ ತಪ್ಪು ಎನ್ನಲು ನನ್ನಲ್ಲಿ ಸಾಕ್ಷಿಯಿರಲಿಲ್ಲ. ಸರಿ ಎಂದರೆ ಆ ಹೆಂಗಸು ಕಳ್ಳಿ ಎಂದು ಬರೆದುಕೊಟ್ಟ ಹಾಗೆ. ಆಕೆ ಸುಳ್ಳು ಹೇಳುತ್ತಿದ್ದಾರೆಂದು ಮುಖ ನೋಡಿದರೆ ಅನ್ನಿಸುತ್ತಿರಲಿಲ್ಲ, ಆದರೆ ಮುಖ ನೋಡಿ ಸಹಿ ಹಾಕುವ ವೃತ್ತಿ ನನ್ನದಲ್ಲ. ನನಗೆ ನಿಜವಾಗಿ ಹೆದರಿಕೆಯಾಯಿತು. ಫ್ಯಾನು ಕೂಡ ಇಲ್ಲದ ಆ ಕೋಣೆಯಲ್ಲಿ ಹುಳಿ ಹಾಲಿನ ವಾಸನೆ ಕುಡಿಯುತ್ತಾ ಮಧ್ಯಾಹ್ನವಿಡೀ ಬೆವರಿದೆ.

ಕೊನೆಗೆ, ಸಂಜೆಯ ಹಾಲು ಹಾಕುವುದನ್ನು ನೋಡಿಯೇ ಸಹಿ ಮಾಡುತ್ತೇನೆಂದು ಬಸವಣ್ಣನವರಿಗೆ ಹೇಳಿದೆ. ಹೇಗೂ ನಾನು ಎಲ್ಲಿಗೂ ಹೋಗುವಂತಿರಲಿಲ್ಲ. ಮಾದೇವಮ್ಮ ಎಮ್ಮೆಗಳ ಹಾಲು ಕರೆಯಲು ಎದ್ದು ಹೋಗುವಾಗ ತಮ್ಮ ಅಕ್ಕನನ್ನು ಅದೇ ಹೊಸ್ತಿಲ ಮೇಲೆ ಕೂರಿಸಿ ಹೋದರು.

ಸಂಜೆಯಾಯಿತು. ಚೆಂಬು, ಕ್ಯಾನು ಹಿಡಿದ ಜನ ಹೊರಗೆ ಸಾಲು ನಿಂತರು. ಒಳಗೆ ಬಂದು ಹೋಗುವ ಊರಿನವರಿಗೆ ಅಕ್ಕ ಕಾಲು ಮಡಚಿ ದಾರಿ ಬಿಟ್ಟರು. ಸಿದ್ದರಾಜು ಕೈಕಾಲು ತೊಳೆದು ಬಂದು, ಯಂತ್ರದ ಸ್ವಿಚ್ ಹಾಕಿ, ಊದುಬತ್ತಿ ಹಚ್ಚಿ, ಕಂಪ್ಯೂಟರಿಗೂ ಒಂದು ಸುತ್ತು ತೋರಿಸಿದ. ಆಮೇಲೆ ಅಧ್ಯಕ್ಷರ ಮನೆಯ ಆಳನ್ನು ಸಾಲಿನಿಂದ ಮುಂದಕ್ಕೆ ಕರೆದ. ಅವನ ಹಾಲು ತೂಕ ಹಾಕಿ, ಸ್ಯಾಂಪಲ್ಲನ್ನು ಸೀಸೆಗೆ ತುಂಬಿದ, ಆದರೆ ಆ ಸೀಸೆಯನ್ನು ಯಂತ್ರಕ್ಕೆ ಒಡ್ಡಲಿಲ್ಲ. ದೇವರ ಪಟದ ಮುಂದೆ ಇಟ್ಟು ಕಣ್ಣಿಗೊತ್ತಿಕೊಂಡ. ಆಳು ಖಾಲಿ ಕ್ಯಾನು ಹಿಡಿದು ಹೊರಟುಹೋದ.

“ಇದೇನು ಸಿದ್ದರಾಜು?”

“ಬೋಣಿ ಕಣ್ ಸಾ. ಬೋಣಿ ಸೀಸೆ ಕೊನೇಲಿ ನೋಡೋದು. ನಮ್ಮಪ್ಪನ ಕಾಲ್ದಿಂದ್ಲೂ ಅಂಗೇಯ.”

ಅಂಗಡಿಯವರು ಬೋಣಿಯ ಹಣವನ್ನು ಚಿಲ್ಲರೆಗೆ ಕೊಡದೆ ಬೇರೆ ಎತ್ತಿಡುವುದು ನನಗೇನು ಹೊಸತಲ್ಲ. ಆದರೆ ಕಣ್ಣು ಪರದೆಯ ಮೇಲೆ ಹೋಯಿತು. ಬೋಣಿಯ ವಿಂಡೋ ಮುಚ್ಚಿರಲಿಲ್ಲ. ಅದನ್ನು ಕೆಳಗಿಳಿಸಿ, ‘ಹೊಸ ನಮೂದು’ ಒತ್ತಿ, ಮುಂದಿನವರಿಗೆ ಇನ್ನೊಂದು ವಿಂಡೋ ತೆರೆದಿದ್ದ. ಬೋಣಿಯನ್ನು ರದ್ದು ಮಾಡಿ ಮುಚ್ಚುವುದು ಅಪಶಕುನ, ಅವನ ಕೈಲಾಗದು. ಫ್ಯಾಟು ಇಲ್ಲದೆ ಉಳಿಸುವುದು ಪ್ರೋಗ್ರಾಮಿನ ಕೈಲಾಗದು. ಹಾಗಾಗಿ ಅದು ತೆರೆದೇ ಇರುತ್ತಿತ್ತು.

“ಮೊದಲು ಬೋಣಿ ಯಾರದ್ದಿತ್ತು?” ಎಂದು ಕೇಳಿದೆ.

“ಮಾದೇವಮ್ಮಂದೇಯ ಸಾ. ಕೈಗುಣ ಚೆನ್ನಾಗದೆ. ಬೋಣಿ ಮಾಡ್ಬುಟ್ಟು ತ್ವಾಟದ ಕೆಲ್ಸಕ್ಕೆ ಓಗೋರು, ಚೀಟಿ ಅವ್ರಕ್ಕ ಈಸ್ಕೋಳೋರು.” ದನಿ ತಗ್ಗಿಸಿ ಸೇರಿಸಿದ: “ಇಂಗಾದ ಮ್ಯಾಲೆ ಅವ್ರ ಕೈಲಿ ಎಂಗೆ ಮಾಡ್ಸೋದು? ಅದ್ಕೇ ಅಧ್ಯಕ್ಸರ ಮನೇದು ಮಾಡ್ದೋ.” ಕೆಳಗಿನ ಬೀದಿಯವರ ಕೈಯಲ್ಲಿ ಬೋಣಿಯೇಕೆಂದು ಮೊದಲೇ ಮೂತಿ ತಿರುವಿದವರಿದ್ದರು ಎಂಬುದು ಆಮೇಲೆ ಗೊತ್ತಾಯಿತು.

ಇಲ್ಲಿ ಪ್ರೋಗ್ರಾಮಿನ ಒಳಗಿನ ಸಂಗತಿ ಸ್ವಲ್ಪ ಹೇಳಬೇಕು. ಯಂತ್ರದಿಂದ ಬಂದ ಫ್ಯಾಟನ್ನು ವಿಂಡೋಗಳಿಗೆ ತಲುಪಿಸಲು ಪ್ರೋಗ್ರಾಂ ಬರೆದಾತ ಗ್ಲೋಬಲ್ ವೇರಿಯಬಲ್ ಒಂದನ್ನು ಬಳಸಿದ್ದ. ಎಂದರೆ, ಎಲ್ಲ ವಿಂಡೋಗಳೂ ಓದಬಹುದಾದ ಒಂದೇ ಒಂದು ಜಾಗ. ಶಾಲೆಯ ಗೋಡೆಯಲ್ಲಿ ಎಲ್ಲರಿಗೂ ಸೇರಿ ಇರುವ ಕರಿಹಲಗೆಯ ಹಾಗೆ. ಯಂತ್ರ ತನಗೆ ಬಂದ ಅಂಕಿಯನ್ನು ಅದರ ಮೇಲೆ ಬರೆಯುತ್ತಿತ್ತು. ಯಾವ ವಿಂಡೋ ಮುಂದಕ್ಕೆ ಬಂದರೂ ಅದರ ಮೇಲಿರುವುದನ್ನು ಓದಿಕೊಂಡು ತನ್ನದೆಂದು ತೋರಿಸುತ್ತಿತ್ತು. ಹೊಸ ವಿಂಡೋ ತೆರೆದಾಗ ಮಾತ್ರ ಹಲಗೆ ಒರೆಸಿ ಶುರು ಮಾಡುತ್ತಿತ್ತು. ಒಂದು ವಿಂಡೋ ಮುಚ್ಚಿ ಇನ್ನೊಂದು ತೆರೆಯುವವರಿಗೆ ಇದರಿಂದ ಯಾವ ತೊಂದರೆಯೂ ಇಲ್ಲ. ಊಟಕ್ಕೆ ಮುಂಚೆ ನಾನು ಮಾಡಿದ್ದೂ ಹಾಗೆಯೇ, ಅಧಿಕಾರಿ ಮಾಡಿಸಿದ್ದೂ ಹಾಗೆಯೇ. ಮೊದಲು ತೆರೆದದ್ದನ್ನು ಕೊನೆಯವರೆಗೂ ತೆರೆದೇ ಇಟ್ಟುಕೊಳ್ಳುವವರು ಈ ಲೋಕದಲ್ಲಿ ಇರುತ್ತಾರೆಂದು ಬರೆದಾತನಿಗೆ ಹೊಳೆದಿರಲಿಲ್ಲ.

ಸಾಲು ಕರಗುತ್ತಾ ಬಂತು. ಕೊನೆಯವರಾಗಿ ಮಾದೇವಮ್ಮ ಹಾಲು ತಂದರು. ಕಮಿಟಿಯವರು ಸುತ್ತ ನಿಂತು ನೋಡಿದರು. ಆಕೆಯ ಹಾಲಿನ ಫ್ಯಾಟು 7.1. ಸಿದ್ದರಾಜು ಉಳಿಸಿ, ಚೀಟಿ ಹರಿದುಕೊಟ್ಟ. ಆಮೇಲೆ ಬೋಣಿ ಸೀಸೆ ತಂದು ಯಂತ್ರಕ್ಕೆ ಒಡ್ಡಿ, ಕೆಳಗಿಳಿಸಿದ್ದ ಬೋಣಿಯ ವಿಂಡೋವನ್ನು ಮೇಲಕ್ಕೆ ತಂದ. ಯಂತ್ರ ಇನ್ನೂ ಗುಂಯ್‌ಗುಟ್ಟುತ್ತಿತ್ತು. ಪರದೆಯಲ್ಲಿ ಅಂಕಿ ಆಗಲೇ ಸಿದ್ಧವಾಗಿತ್ತು: 7.1. ಅಂಕಿ ಕಂಡರೆ ಪರೀಕ್ಷೆ ಮುಗಿಯಿತೆಂದು ಅವನಿಗೆ ಹೇಳಿಕೊಟ್ಟದ್ದು ನಮ್ಮ ಸಂಸ್ಥೆಯೇ. ಅವನು ‘ಉಳಿಸು’ ಒತ್ತಿದ.

ಊಟದ ಹೊತ್ತಿನ ಹಿಂಡಿಯ ಮಾತು ಆಗ ಒಳಗಿಳಿಯಿತು. ಮಾದೇವಮ್ಮ ಬೋಣಿ ಮಾಡುತ್ತಿದ್ದಾಗ, ಸಾಲಿನ ಕೊನೆಯಲ್ಲಿ ನಿಂತ ಯಾರದೋ ಹಸುವಿನ ಫ್ಯಾಟು ಆಕೆಯ ಎಮ್ಮೆಗೆ ಬಂದು ಕೂರುತ್ತಿತ್ತು. ಈಗ ಆಕೆ ಕೊನೆಗೆ ನಿಂತಿದ್ದಾರೆ, ಆಕೆಯ ಎಮ್ಮೆಯ ಫ್ಯಾಟು ಅಧ್ಯಕ್ಷರ ಹಸುವಿಗೆ. ಮಾದೇವಮ್ಮನ ಎಮ್ಮೆ ಮೂರೂವರೆ ಕೊಟ್ಟರೆ ನೀರು, ಅಧ್ಯಕ್ಷರ ಹಸು ಏಳು ಕೊಟ್ಟರೆ ಹಿಂಡಿ. ಊರಿನಲ್ಲಿ ಯಾರಿಗೂ ಅದು ವಿಚಿತ್ರವೆನಿಸಿರಲಿಲ್ಲ.

ಕಾರಣ ಸಿಕ್ಕ ಖುಷಿ ಬಹಳ ಹೊತ್ತು ಉಳಿಯಲಿಲ್ಲ. ಇದನ್ನು ಬಾಯಿಬಿಟ್ಟರೆ ಮಾಲೀಕರು ನನ್ನನ್ನು ಬಿಡುವುದಿಲ್ಲ, ಬಸವಣ್ಣನವರ ಮಾನವೂ ಹೋಗುತ್ತದೆ. ಹೊಸ್ತಿಲ ಕಡೆ ನೋಡಿದೆ. ಮಾದೇವಮ್ಮ ಖಾಲಿ ಚೆಂಬನ್ನು ಮಡಿಲಲ್ಲಿಟ್ಟುಕೊಂಡು ಮತ್ತೆ ಅಲ್ಲೇ ಕುಳಿತಿದ್ದರು. ನಾನು ಹೊರಗೆ ಹೋಗಬೇಕಾದರೆ ಅವರ ಎದುರಿಗೇ ಹೋಗಬೇಕಿತ್ತು.

“ಸಿದ್ದರಾಜು, ಇನ್ನೊಂದು ಬೋಣಿ ಮಾಡು. ಈ ಸಲ ಹಾಲಲ್ಲ, ಆ ಕೊಡದಲ್ಲಿರುವ ನೀರು.”

ಅವನು ಹೌಹಾರಿದ. ನೀರಿನ ಬೋಣಿ ತನ್ನ ಕೈಯಿಂದ ಆಗದೆಂದ. ನಾನೇ ಕೊಡದಿಂದ ನೀರು ತೆಗೆದು ಸೀಸೆಗೆ ತುಂಬಿ, ಒಂದು ಉಪಯೋಗದಲ್ಲಿಲ್ಲದ ಸಂಖ್ಯೆಯಲ್ಲಿ ವಿಂಡೋ ತೆರೆದು, ಅದನ್ನು ಕೆಳಗಿಳಿಸಿದೆ. ಆಮೇಲೆ ಇನ್ನೊಂದು ವಿಂಡೋ ತೆರೆದು ಮಾದೇವಮ್ಮನ ಹಾಲನ್ನು ಯಂತ್ರಕ್ಕೆ ಒಡ್ಡಿದೆ. 7.1. ಉಳಿಸಿದೆ. ನೀರಿನ ಸೀಸೆಯನ್ನು ಒಡ್ಡಿ, ಮೊದಲಿನ ವಿಂಡೋವನ್ನು ಮೇಲೆ ತಂದು, ‘ಉಳಿಸು’ ಒತ್ತಿದೆ. ಚೀಟಿ ಹೊರಗೆ ಬಂತು. ಅದನ್ನು ಬಸವಣ್ಣನವರ ಕೈಗೆ ಕೊಟ್ಟೆ. ಕೊಡದ ನೀರಿಗೆ ಫ್ಯಾಟು ಏಳು ಪಾಯಿಂಟ್ ಒಂದು.

ಬಸವಣ್ಣ ಚೀಟಿಯನ್ನು ತಿರುವಿ ತಿರುವಿ ನೋಡಿದರು. ಅವರು ದಡ್ಡರಲ್ಲ. “ಅಂಗಾದ್ರೆ ನಮ್ಮನೇದು…” ಎಂದು ನಿಲ್ಲಿಸಿದರು.

“ನಿಮ್ಮ ಮನೆಯದೂ ಹೀಗೇ ಬಂದದ್ದು ಸಾರ್. ಪ್ರೋಗ್ರಾಂ ತಪ್ಪು” ಎಂದೆ. ಟೈಪಾಗಿದ್ದ ಕಾಗದವನ್ನು ಸಹಿ ಹಾಕದೆ ಅವರ ಮುಂದಕ್ಕೆ ಸರಿಸಿದೆ.

ಕಮಿಟಿಯವರು ಮೂಲೆಯಲ್ಲಿ ಗುಸುಗುಸು ಮಾತಾಡಿಕೊಂಡರು. ಆಮೇಲೆ ಬಸವಣ್ಣ ಬಾಗಿಲ ಹತ್ತಿರ ಬಂದು, ದೊಡ್ಡ ಮನಸ್ಸು ಮಾಡಿದವರ ದನಿಯಲ್ಲಿ, “ಆಗಿದ್ದಾಯ್ತು ಮಾದೇವಮ್ಮ. ಹೆಸರು ತೆಗ್ಯಾಕಿಲ್ಲ. ಕ್ಷಮಿಸಿದ್ದೀವಿ, ಏಳು” ಎಂದರು.

ಆಕೆ ಏಳಲಿಲ್ಲ. “ಕ್ಸಮಿಸಾಕೆ ನಾ ಏನ್ ಮಾಡಿದ್ನಪ್ಪ?” ಎಂದರು.

ಹೊರಗೆ ಜನ ಇನ್ನೂ ಚದುರಿರಲಿಲ್ಲ. ಬಸವಣ್ಣ ಒಂದು ಕ್ಷಣ ನನ್ನ ಮುಖ ನೋಡಿದರು, ನಾನು ಬೇರೆ ಕಡೆ ನೋಡಲಿಲ್ಲ. ಕೊನೆಗೆ ಅವರು ಎಲ್ಲರಿಗೂ ಕೇಳುವ ಹಾಗೆ, “ಮಿಸನ್ ಲೆಕ್ಕ ತಪ್ಪಿತ್ತು ಕಣ್ರಪ್ಪ. ಈಯಮ್ಮ ನೀರು ಉಯ್ದಿಲ್ಲ. ನಮ್ಮಸ ಏಳು ಕೊಟ್ಟಿದ್ದೂ ಸುಳ್ಳೇಯ” ಎಂದರು. ಆ ಕೊನೆಯ ಮಾತನ್ನು ಅವರು ನುಂಗಿಕೊಳ್ಳಬಹುದಾಗಿತ್ತು, ನುಂಗಲಿಲ್ಲ. ಅಷ್ಟರ ಮಟ್ಟಿಗೆ ಅವರ ಮೇಲೆ ನನಗೆ ಇಂದಿಗೂ ಗೌರವವಿದೆ.

ಮಾದೇವಮ್ಮ ಚೆಂಬು ಎತ್ತಿಕೊಂಡು ಹೊಸ್ತಿಲಿಂದ ಎದ್ದರು. ಅಳಲಿಲ್ಲ, ಕೈಮುಗಿಯಲಿಲ್ಲ. ನಾನು ಆಚೆ ಬರಲು ದಾರಿ ಬಿಟ್ಟು ನಿಂತರು. ಸಿದ್ದರಾಜು ಹಿಂದೆಯೇ ಬಂದು, “ನಾಳೆಯಿಂದ ಬೋಣಿ ನಿಂದೇಯ ಕಣಕ್ಕ” ಎಂದ. ಅವನ ಕಣ್ಣು ತುಂಬಿತ್ತು.

“ಬ್ಯಾಡ ಕನಪ್ಪ. ನಂದು ಕೊನೇಲೇ ಇರ್ಲಿ” ಎಂದರು ಆಕೆ. “ಬೋಣಿ ಮಾಡ್ಬುಟ್ಟು ಬೆನ್ನು ತಿರುಗ್ಸಿ ಓಯ್ತಿದ್ದೆ. ನೀವೆಲ್ಲಾ ನೋಡ್ಕೋತೀರಿ ಅಂತ.”

ಮಾಲೀಕರು ಮೂರು ದಿನ ನನ್ನ ಜೊತೆ ಮಾತು ಬಿಟ್ಟರು. ಆಮೇಲೆ, ಬೇರೆ ಡೈರಿಗಳಲ್ಲಿ ಇದು ತಾನಾಗಿ ಬಯಲಾದರೆ ಇನ್ನೂ ಕೆಟ್ಟದ್ದೆಂದು ಅರ್ಥವಾಗಿ, ತಿದ್ದಲು ಒಪ್ಪಿದರು. ಕೆಲಸ ಹೋಗಲಿಲ್ಲ. ಗೋಡೆಯ ಹಲಗೆ ತೆಗೆದು, ಒಂದೊಂದು ವಿಂಡೋಗೂ ಅದರದೇ ಸ್ಲೇಟು ಕೊಟ್ಟೆ. ಯಾರ ಸೀಸೆ ಯಂತ್ರದಲ್ಲಿದೆಯೋ ಅವರ ವಿಂಡೋಗೆ ಮಾತ್ರ ಅಂಕಿ ಹೋಗುವಂತೆ ಬರೆದೆ. ಬೋಣಿಯ ವಿಂಡೋ ಬೇಕಾದಷ್ಟು ಹೊತ್ತು ತೆರೆದಿರಬಹುದು, ಯಾರದನ್ನೂ ತನ್ನದೆನ್ನುವುದಿಲ್ಲ.

ಆಮೇಲೆ ಯಾವ ಕಚೇರಿಗೆ ಹೋದರೂ ನಾನು ಮೊದಲು ಪ್ರೋಗ್ರಾಂ ತೆರೆದಿಲ್ಲ. ಬಾಗಿಲು ತೆಗೆದ ಕೂಡಲೇ ಏನು ಮಾಡುತ್ತೀರಿ, ಮುಚ್ಚುವ ಮುಂಚೆ ಏನು ಮಾಡುತ್ತೀರಿ ಎಂದು ಕೇಳಿ, ಒಂದು ದಿನ ಮೂಲೆಯಲ್ಲಿ ಕುಳಿತು ನೋಡಿದ್ದೇನೆ. ನಾವು ಬರೆದ ಪ್ರೋಗ್ರಾಂ ನಮ್ಮ ಮೇಜಿನ ಮೇಲೆ ಸರಿಯಾಗಿ ಕೆಲಸ ಮಾಡುವುದು ಯಾರಿಗೂ ಬೇಕಾಗಿಲ್ಲ. ಬಳಸುವವರ ಬದುಕಿನೊಳಗೆ ಅದು ಸರಿಯಿರಬೇಕು. ಈ ವೃತ್ತಿ ನನಗೆ ಕಲಿಸಿದ್ದು ಇದೇ.

ತಿದ್ದಿದ ಪ್ರೋಗ್ರಾಂ ಹಾಕಲು ಆ ಊರಿಗೆ ಮತ್ತೆ ಹೋದಾಗ ಬೋಣಿ ಮಾಡಿದವರು ಬೇರೆ ಯಾರೋ. ಮಾದೇವಮ್ಮ ಸಾಲಿನ ಕೊನೆಯಲ್ಲಿದ್ದರು. ಓದು ಬಾರದ ಅವರು ಪರದೆಯ ಮೇಲೆ ಏಳರ ಅಂಕಿ ಹೇಗಿರುತ್ತದೆಂದು ಯಾರಿಂದಲೋ ಕಲಿತುಕೊಂಡಿದ್ದರು. ಅದು ಮೂಡುವವರೆಗೂ ಮೇಜಿನ ಅಂಚು ಹಿಡಿದು ನಿಂತು, ನೋಡಿ, ಆಮೇಲೆ ಮನೆಗೆ ಹೋದರು. ಪ್ರೋಗ್ರಾಂ ಈಗ ಸರಿಯಾಗಿದೆ ಎಂದು ಅವರಿಗೆ ಹೇಳಬೇಕೆಂದು ಬಂದಿದ್ದೆ. ಹೇಳಲಿಲ್ಲ.